ಎರಡನೇ ಬಾರಿ ಸಮವಸ್ತ್ರ: ಮಾಜಿ ಯೋಧನ ಸೇವಾವಧಿಯ ಲೆಕ್ಕ ಎಲ್ಲಿ ತಪ್ಪುತ್ತದೆ?

ರಾಮಾಪುರ (ಹನೂರು ತಾಲ್ಲೂಕು): ಹತ್ತೊಂಬತ್ತು, ಇಪ್ಪತ್ತರ ಹರೆಯದಲ್ಲಿ ಮಿಲಿಟರಿಗೆ ಸೇರಿ, ಬಡ್ತಿ ಸಿಗದೆ ಸಿಪಾಯಿಯಾಗಿಯೇ ಉಳಿದವನು ಸಾಮಾನ್ಯವಾಗಿ ಹದಿನೇಳರಿಂದ ಹತ್ತೊಂಬತ್ತು ವರ್ಷಗಳ ಸೇವೆಯ ಬಳಿಕ ಊರಿಗೆ ಮರಳುತ್ತಾನೆ. ಆಗ ಅವನ ವಯಸ್ಸು ಮೂವತ್ತೇಳೋ ಮೂವತ್ತೆಂಟೋ ಇರುತ್ತದೆ. ಇತರ ಸರ್ಕಾರಿ ನೌಕರರು ಎರಡನೇ ಬಡ್ತಿಗೆ ಕಾಯುವ ಈ ವಯಸ್ಸಿನಲ್ಲಿ ಸಿಪಾಯಿ ನಿವೃತ್ತನಾಗಿರುತ್ತಾನೆ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ. ಕೈಯಲ್ಲಿ ಪಿಂಚಣಿಯಿದೆ, ಮೈಯಲ್ಲಿ ಕಸುವೂ ಇದೆ. ಆದರೆ ಮಳೆಯನ್ನೇ ನಂಬಿದ ರಾಗಿ, ಜೋಳದ ಹೊಲದ ಹೊರತು ರಾಮಾಪುರ, ಕೌದಳ್ಳಿ, ಮಾರ್ಟಳ್ಳಿಯ ಸುತ್ತ ನೆಚ್ಚಿಕೊಳ್ಳುವಂತಹ ಕೆಲಸ ಕಡಿಮೆ.

ಇಂತಹ ಮಾಜಿ ಯೋಧರ ಮುಂದಿರುವ ಆಯ್ಕೆಗಳಲ್ಲಿ ಒಂದು, ಮತ್ತೆ ಸಮವಸ್ತ್ರ ತೊಡುವುದು. ಸೇನೆಯ ಮುಖ್ಯ ಬಾಗಿಲು ಸಾಮಾನ್ಯ ಸಿಪಾಯಿಗೆ ಎಳೆಯ ವಯಸ್ಸಿಗೇ ಮುಚ್ಚಿಬಿಡುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಪಕ್ಕದಲ್ಲಿ ಇನ್ನೆರಡು ಬಾಗಿಲುಗಳಿವೆ. ಒಂದು ಮಾಜಿ ಸೈನಿಕರನ್ನೇ ಮರಳಿ ಸೇರಿಸಿಕೊಳ್ಳುವ ರಕ್ಷಣಾ ಭದ್ರತಾ ದಳ, ಅಂದರೆ ಡಿಎಸ್‌ಸಿ. ಇನ್ನೊಂದು, 42 ವರ್ಷದವರೆಗೂ ನಾಗರಿಕರಿಗೆ ಅವಕಾಶ ನೀಡುವ ಪ್ರಾದೇಶಿಕ ಸೇನೆ, ಅರ್ಥಾತ್ ಟೆರಿಟೋರಿಯಲ್ ಆರ್ಮಿ. ಇವೆರಡರಲ್ಲೂ ತಡವಾಗಿ ಸೇರುವವರು ಎಡವುವುದು ಓಟದಲ್ಲೋ ವೈದ್ಯಕೀಯ ಪರೀಕ್ಷೆಯಲ್ಲೋ ಅಲ್ಲ, ವರ್ಷಗಳನ್ನು ಎಣಿಸುವುದರಲ್ಲಿ. ಪಟ್ಟಿಯಲ್ಲಿ ಹೆಸರಿರುವ ವರ್ಷಗಳೇ ಬೇರೆ, ಪಿಂಚಣಿಗೆ ಲೆಕ್ಕಕ್ಕೆ ಬರುವ ವರ್ಷಗಳೇ ಬೇರೆ.

ಹಳೆಯ ಮೀಸಲು ಪದ್ಧತಿ

ಈ ಸೀಮೆಯ ಸೈನಿಕ ಇತಿಹಾಸವೇ ಸ್ವಲ್ಪ ವಿಚಿತ್ರ. 1956ರ ನವೆಂಬರ್ 1ರವರೆಗೆ ರಾಮಾಪುರವೂ ಸೇರಿದಂತೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮಾತ್ರ ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರು ಸಂಸ್ಥಾನದಲ್ಲಿತ್ತು. ಹೀಗಾಗಿ ಒಂದು ಊರು ಬ್ರಿಟಿಷ್ ಇಂಡಿಯಾದ ಸೇನೆಯ ಭರ್ತಿ ಪ್ರದೇಶಕ್ಕೂ ಕೆಲವೇ ಮೈಲಿ ಆಚೆಯ ಇನ್ನೊಂದು ಊರು ಮಹಾರಾಜರ ಪಡೆಯ ಸೀಮೆಗೂ ಸೇರಿದ್ದವು. ಸ್ವಾತಂತ್ರ್ಯಾನಂತರ ಈ ಗೆರೆ ಅಳಿಯಿತು. ಮೈಸೂರು ಪದಾತಿ ದಳ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. 1918ರಲ್ಲಿ ಹೈಫಾದಲ್ಲಿ ಹೆಸರು ಮಾಡಿದ್ದ ಮೈಸೂರು ಲ್ಯಾನ್ಸರ್ಸ್ 1953ರಲ್ಲಿ 61ನೇ ಅಶ್ವದಳದೊಳಗೆ ಬೆರೆತುಹೋಯಿತು.

ಆ ಕಾಲದ ಸೇನೆಯಲ್ಲಿ 'ರಿಸರ್ವ್' ಎಂಬುದು ಕೇವಲ ಕಾಗದದ ಮಾತಾಗಿರಲಿಲ್ಲ. 1888ರ ಭಾರತೀಯ ಮೀಸಲು ಪಡೆಗಳ ಕಾಯ್ದೆಯೇ ಅದರ ಬುನಾದಿ. ಸಿಪಾಯಿ ಕೆಲವು ವರ್ಷ ದಳದಲ್ಲಿದ್ದು ಸೇವೆ ಸಲ್ಲಿಸಬೇಕು. ಇದನ್ನು ಸೈನಿಕರು ಇಂದಿಗೂ ಕಲರ್ ಸರ್ವಿಸ್ ಎನ್ನುತ್ತಾರೆ. ಅನಂತರ ಊರಿಗೆ ಹೋಗಿ ಬೇಸಾಯ ಮಾಡಿಕೊಂಡಿರಬಹುದು, ಆದರೆ ಹೆಸರು ಮೀಸಲು ಪಟ್ಟಿಯಲ್ಲಿರುತ್ತದೆ. ಕರೆ ಬಂದರೆ ನೇಗಿಲು ಬಿಟ್ಟು ಹೊರಡಬೇಕು. ಒಂದು ಹಂತದಲ್ಲಿ ಏಳು ವರ್ಷ ಕಲರ್ ಸರ್ವಿಸ್, ಎಂಟು ವರ್ಷ ಮೀಸಲು ಎಂಬ ಕರಾರು ರೂಢಿಯಲ್ಲಿತ್ತು. ಬರಬರುತ್ತಾ ಮೊದಲನೆಯದು ಬೆಳೆದು ಎರಡನೆಯದು ಕುಗ್ಗಿತು. ಕೊನೆಗೆ ಹದಿನೈದು ವರ್ಷ ಸಕ್ರಿಯ ಸೇವೆ, ಎರಡು ವರ್ಷ ಮೀಸಲು ಎಂಬಲ್ಲಿಗೆ ಬಂದು ನಿಂತಿತು.

ಏಳು ಮತ್ತು ಎಂಟು ಕೂಡಿದರೆ ಹದಿನೈದು. ಈ ಹದಿನೈದರಲ್ಲೇ ಎಲ್ಲವೂ ಅಡಗಿದೆ. ಸಕ್ರಿಯ ಮತ್ತು ಮೀಸಲು ಎರಡೂ ಸೇರಿ ಹದಿನೈದು ವರ್ಷ ತುಂಬಿದವರಿಗೆ ಮೀಸಲು ಪಿಂಚಣಿ ಎಂಬ ಪ್ರತ್ಯೇಕ ಪಿಂಚಣಿ ಇತ್ತು. ಸಿಪಾಯಿಗೆ ಸಲ್ಲುವ ಕನಿಷ್ಠ ಪಿಂಚಣಿಯ ಮೂರನೇ ಎರಡು ಭಾಗ ಎಂಬುದು ಅದರ ಅಳತೆ. ಮೊತ್ತ ಸಣ್ಣದಾದರೂ ಊರಲ್ಲಿ ಕುಳಿತ ವರ್ಷಗಳೂ ಸೇವೆಯೆಂದು ಮಾನ್ಯವಾಗಿದ್ದವು ಎಂಬುದು ಮುಖ್ಯ.

ಇದೇ ವರ್ಗ ಮುಂದೆ ಸದ್ದಿಲ್ಲದೆ ಹಿಂದೆ ಬಿತ್ತು. 'ಒಂದು ಶ್ರೇಣಿ, ಒಂದು ಪಿಂಚಣಿ' ಯೋಜನೆಯನ್ನು 2015ರಲ್ಲಿ ಪ್ರಕಟಿಸಿ, 2014ರ ಜುಲೈ 1ರಿಂದ ಅನ್ವಯ ಮಾಡಲಾಯಿತು. 2016ರ ಫೆಬ್ರುವರಿಯಲ್ಲಿ ಹೊರಬಿದ್ದ ಅನುಷ್ಠಾನ ಆದೇಶವು ಮೀಸಲು ಪಿಂಚಣಿದಾರರನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. ನೌಕಾಪಡೆಯ ಕಥೆ ಇನ್ನೂ ಕಹಿ. ಅಲ್ಲಿ ಹತ್ತು ವರ್ಷ ಸಕ್ರಿಯ, ಹತ್ತು ವರ್ಷ ಮೀಸಲು ಎಂದು ಸೇರಿಕೊಂಡಿದ್ದ ನಾವಿಕರು ಇದ್ದರು. 1976ರ ಜುಲೈ 3ರ ಆದೇಶದಿಂದ ಮೀಸಲು ಪದ್ಧತಿಯೇ ನಿಂತಿತು. ಬಿಡುಗಡೆಯಾದವರು ಹದಿನೈದರ ಗಡಿ ಮುಟ್ಟುವ ದಾರಿಯೇ ಮುಚ್ಚಿತು. ಟಿ.ಎಸ್. ದಾಸ್ ಮತ್ತಿತರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ, ಮೀಸಲಿಗೆ ವರ್ಗವಾಗದವರಿಗೆ ಮೀಸಲು ಪಿಂಚಣಿ ಸಲ್ಲದು, ವಿಶೇಷ ಪಿಂಚಣಿಯನ್ನಷ್ಟೇ ಕೇಳಬಹುದು ಎಂದಿತು. ಸೇವಾವಧಿಯ ಕರಾರನ್ನು ಸೇನೆ ನಡುವೆಯೇ ಬದಲಿಸಿದರೆ ನಷ್ಟ ಯಾರ ಪಾಲಿಗೆ ಬರುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಕಣ್ಣೂರಿನ ದಾರಿ

ಇನ್ನು ಡಿಎಸ್‌ಸಿ ವಿಚಾರ. 1947ರ ಫೆಬ್ರುವರಿ 25ರಂದು ರಕ್ಷಣಾ ಇಲಾಖೆಯ ಕಾವಲು ಪಡೆಯಾಗಿ ಹುಟ್ಟಿದ ಈ ದಳದ ಕೇಂದ್ರ ಇಂದು ಕೇರಳದ ಕಣ್ಣೂರಿನಲ್ಲಿದೆ. ವಾಯುನೆಲೆ, ಶಸ್ತ್ರಾಗಾರ, ರಕ್ಷಣಾ ಸಂಶೋಧನಾ ಕೇಂದ್ರಗಳ ಕಾವಲೇ ಇದರ ಕಸುಬು. ಮೂರೂ ಪಡೆಗಳಿಂದ ಬಿಡುಗಡೆಯಾದವರನ್ನು ಇಲ್ಲಿ ಮರಳಿ ಸೇರಿಸಿಕೊಳ್ಳಲಾಗುತ್ತದೆ. ಸೇನೆ ಬಿಟ್ಟ ಮೇಲೆ ನಿಗದಿತ ವರ್ಷಗಳೊಳಗೆ, ನಲವತ್ತರ ಮಧ್ಯಭಾಗ ದಾಟುವ ಮೊದಲು ಅರ್ಜಿ ಹಾಕಬೇಕು, ದೇಹದಾರ್ಢ್ಯ ಇರಬೇಕು, ಬಿಡುಗಡೆ ಪುಸ್ತಕದಲ್ಲಿ ನಡತೆಯ ಷರಾ ಚೆನ್ನಾಗಿರಬೇಕು.

ಕಾವಲು ಕೆಲಸವೆಂದರೆ ಗೇಟಿನ ಮುಂದೆ ಕುರ್ಚಿ ಹಾಕಿ ಕುಳಿತುಕೊಳ್ಳುವುದು ಎಂಬ ಭಾವನೆ ನಗರಗಳಲ್ಲಿ ಸಾಮಾನ್ಯ. 2016ರ ಜನವರಿ 2ರ ನಸುಕಿನಲ್ಲಿ ಪಠಾಣ್‌ಕೋಟ್ ವಾಯುನೆಲೆಯೊಳಗೆ ಉಗ್ರರು ನುಗ್ಗಿದಾಗ ಮೊದಲು ಎದುರಾದವರು ಇದೇ ದಳದವರು. ಆ ಕಾರ್ಯಾಚರಣೆಯಲ್ಲಿ ಮಡಿದ ಏಳು ಮಂದಿಯ ಪೈಕಿ ಐವರು ಡಿಎಸ್‌ಸಿಯವರು. ಬೆಂಗಳೂರಿನಲ್ಲಿ ಬೆಳೆದ ಎನ್‌ಎಸ್‌ಜಿಯ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಅವರ ಹೆಸರು ಕರ್ನಾಟಕಕ್ಕೆ ಚಿರಪರಿಚಿತ. ಆದರೆ ಅಂದೇ ಮಡಿದ ಸಿಪಾಯಿ ಜಗದೀಶ್ ಚಂದ್ ಅವರ ಹೆಸರು ಅಷ್ಟಾಗಿ ಕೇಳಿಬರಲಿಲ್ಲ. ಡೋಗ್ರಾ ರೆಜಿಮೆಂಟಿನಿಂದ ನಿವೃತ್ತರಾಗಿ ಮತ್ತೆ ಸೇರಿದ್ದ ಅವರು ನಿರಾಯುಧರಾಗಿದ್ದರೂ ಉಗ್ರನೊಬ್ಬನನ್ನು ಬೆನ್ನಟ್ಟಿ, ಅವನ ಬಂದೂಕನ್ನೇ ಕಿತ್ತು ಅವನನ್ನು ಕೊಂದರು. ಅವರಿಗೆ ಮರಣೋತ್ತರ ಕೀರ್ತಿ ಚಕ್ರ ಸಂದಿತು. ಅವರೊಂದಿಗೆ ಮಡಿದ ಗೌರವ ಕ್ಯಾಪ್ಟನ್ ಫತೇ ಸಿಂಗ್ 1995ರ ಕಾಮನ್‌ವೆಲ್ತ್ ಶೂಟಿಂಗ್ ಚಾಂಪಿಯನ್‌ಷಿಪ್‌ನಲ್ಲಿ ಪದಕ ಗೆದ್ದವರು. ಇವರೆಲ್ಲ ಎರಡನೇ ಬಾರಿ ಸಮವಸ್ತ್ರ ತೊಟ್ಟಿದ್ದವರೇ.

ಲೆಕ್ಕಕ್ಕೆ ಬರೋಣ. ಡಿಎಸ್‌ಸಿಯಲ್ಲಿ ಹದಿನೈದು ವರ್ಷ ಪೂರೈಸಿದವರಿಗೆ ಮೊದಲ ಪಿಂಚಣಿಯ ಜೊತೆಗೆ ಎರಡನೇ ಪಿಂಚಣಿಯೂ ಸಿಗುತ್ತದೆ. ನಿವೃತ್ತಿ ಸಾಮಾನ್ಯವಾಗಿ 55ಕ್ಕೆ. ಮೂವತ್ತೆಂಟಕ್ಕೆ ಸೇರಿದವನಿಗೆ ಎರಡು ವರ್ಷ ಮಿಗುತ್ತದೆ. ಸರಿಯಾಗಿ ನಲವತ್ತಕ್ಕೆ ಸೇರಿದವನು ಕೂದಲೆಳೆಯಲ್ಲಿ ಪಾರಾಗುತ್ತಾನೆ. ಊರಲ್ಲಿ ಎರಡು ವರ್ಷ ಅದೂ ಇದೂ ಮಾಡಿ ನೋಡೋಣವೆಂದು ಕಾದು, ನಲವತ್ತೆರಡಕ್ಕೆ ಸೇರಿದವನಿಗೆ ಸಿಗುವುದು ಹದಿಮೂರು ವರ್ಷ ಮಾತ್ರ. ಸಂಬಳವೇನೋ ಬರುತ್ತದೆ, ಎರಡನೇ ಪಿಂಚಣಿ ಕೈಗೆಟಕುವುದಿಲ್ಲ. ಹದಿನೈದಕ್ಕೆ ಕೆಲವೇ ತಿಂಗಳು ಕಡಿಮೆ ಬಿದ್ದವರು ಆ ಕೊರತೆಯನ್ನು ಮನ್ನಾ ಮಾಡಬೇಕೆಂದು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮೆಟ್ಟಿಲೇರಿದ ಪ್ರಕರಣಗಳು ಹಲವಾರು. ಸೇರುವಾಗಲೇ ಇನ್ನೊಂದು ಆಯ್ಕೆಯನ್ನೂ ಬರೆದುಕೊಡಬೇಕಾಗುತ್ತದೆ: ಹಿಂದಿನ ಸೇವೆಯನ್ನು ಹೊಸ ಸೇವೆಗೆ ಕೂಡಿಸುವುದೋ ಅಥವಾ ಮೊದಲ ಪಿಂಚಣಿಯನ್ನು ಹಾಗೆಯೇ ಪಡೆಯುತ್ತಾ ಹೊಸದಾಗಿ ಎಣಿಸುವುದೋ. ಸಹಿ ಹಾಕುವ ಮುನ್ನ ಈ ಕಾಗದವನ್ನು ಒಮ್ಮೆ ಓದಿಸಿ ತಿಳಿದುಕೊಳ್ಳುವುದು ಲೇಸು.

ಪ್ರಾದೇಶಿಕ ಸೇನೆ: ನೌಕರಿಯಲ್ಲ, ಬಾಧ್ಯತೆ

ಹೆಚ್ಚು ಗೊಂದಲವಿರುವುದು ಪ್ರಾದೇಶಿಕ ಸೇನೆಯ ಬಗ್ಗೆ. 1948ರ ಕಾಯ್ದೆಯಡಿ ರೂಪುಗೊಂಡ ಈ ಪಡೆಯನ್ನು 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಉದ್ಘಾಟಿಸಿದರು. ಆಗ ಭೂಸೇನೆಯ ಮಹಾದಂಡನಾಯಕರಾಗಿದ್ದವರು ಕೊಡಗಿನ ಕೆ.ಎಂ. ಕಾರಿಯಪ್ಪ. ಬ್ರಿಟಿಷರ ಕಾಲದಲ್ಲಿ, 1920ರಿಂದಲೇ ಇಂತಹ ಒಂದು ಅರೆಕಾಲಿಕ ಪಡೆ ಇತ್ತು. ಸ್ವತಂತ್ರ ಭಾರತ ಅದನ್ನು ಹೊಸದಾಗಿ ಕಟ್ಟಿತು. 1962, 1965 ಮತ್ತು 1971ರ ಯುದ್ಧಗಳಲ್ಲಿ ಇದರ ದಳಗಳು ಕೆಲಸ ಮಾಡಿವೆ.

ಇದರ ಮೂಲ ಕಲ್ಪನೆ ಸರಳ. ಪ್ರಜೆ ತನ್ನ ಉದ್ಯೋಗದಲ್ಲೇ ಇರಬೇಕು, ವರ್ಷಕ್ಕೊಮ್ಮೆ ತರಬೇತಿಗೆ ಬರಬೇಕು, ದೇಶ ಕರೆದಾಗ ಬಂದೂಕು ಹಿಡಿಯಬೇಕು. ಆದ್ದರಿಂದಲೇ ನಾಗರಿಕ ಅಭ್ಯರ್ಥಿಗೆ ಬೇರೊಂದು ಸಂಪಾದನೆ ಇರಬೇಕೆಂಬ ನಿಯಮ ಬಂತು. ವಯೋಮಿತಿ 18ರಿಂದ 42. ಸಿಪಾಯಿ ಹುದ್ದೆಗೆ ಸಾಮಾನ್ಯವಾಗಿ 160 ಸೆಂ.ಮೀ. ಎತ್ತರ, 50 ಕೆ.ಜಿ. ತೂಕ, 77 ಸೆಂ.ಮೀ. ಎದೆಯಳತೆ ಮತ್ತು ಅದು ಐದು ಸೆಂ.ಮೀ. ಹಿಗ್ಗುವುದು, ಹತ್ತನೇ ತರಗತಿ ತೇರ್ಗಡೆ ಇವು ಕೇಳುವ ಅರ್ಹತೆಗಳು. ಅಧಿಕಾರಿಯಾಗಲು ಪದವಿ ಬೇಕು, ಲಿಖಿತ ಪರೀಕ್ಷೆ ಮತ್ತು ಆಯ್ಕೆ ಮಂಡಳಿಯ ಸಂದರ್ಶನ ಎದುರಿಸಬೇಕು. ಮಹಿಳೆಯರಿಗೂ ಅವಕಾಶ ನೀಡಬೇಕೆಂದು ದೆಹಲಿ ಹೈಕೋರ್ಟ್ 2018ರಲ್ಲಿ ತೀರ್ಪಿತ್ತಿತು.

ತಡವಾಗಿ ಸೇರಿದವರಿಗೆ ಉದಾಹರಣೆ ಬೇಕೆಂದರೆ ಸಂಸದ ಅನುರಾಗ್ ಠಾಕೂರ್ ಇದ್ದಾರೆ. ಅವರು 2016ರಲ್ಲಿ, 41ನೇ ವಯಸ್ಸಿನಲ್ಲಿ ಲೆಫ್ಟಿನೆಂಟ್ ಆದರು. ಸಚಿನ್ ಪೈಲಟ್ 2012ರಲ್ಲಿ ಸೇರಿದಾಗ ಅವರಿಗೆ ಮೂವತ್ತೈದರ ಆಸುಪಾಸು. ಇವರಿಬ್ಬರೂ ಪರೀಕ್ಷೆ ಬರೆದು ಬಂದವರು. ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ ಅವರದು ಬೇರೆ ಮಾತು. 2011ರಲ್ಲಿ ಅವರಿಗೆ ನೀಡಿದ್ದು ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ. ಬೆಂಗಳೂರಿನ 106ನೇ ಪ್ಯಾರಾ ಬೆಟಾಲಿಯನ್ ಜೊತೆ 2019ರಲ್ಲಿ ಕಾಶ್ಮೀರದಲ್ಲಿ ಅವರು ಎರಡು ವಾರ ಕಳೆದದ್ದು ಆಗ ದೊಡ್ಡ ಸುದ್ದಿಯಾಗಿತ್ತು. ಆ ಸುದ್ದಿ ನೋಡಿ ಪ್ರಾದೇಶಿಕ ಸೇನೆಯೆಂದರೆ ಗೌರವಕ್ಕೆ ಕೊಡುವ ಬಿರುದು ಎಂದುಕೊಂಡವರೂ ಇದ್ದಾರೆ, ಖಾಯಂ ಸರ್ಕಾರಿ ಕೆಲಸ ಎಂದುಕೊಂಡವರೂ ಇದ್ದಾರೆ. ಅದು ಎರಡೂ ಅಲ್ಲ.

ಕರ್ನಾಟಕದಲ್ಲಿ ಬೆಂಗಳೂರಿನ 106ರ ಹೊರತು, ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿಗೆ ಸೇರಿದ 115ನೇ ಬೆಟಾಲಿಯನ್ ಇದೆ. ಬೆಳಗಾವಿಯಲ್ಲಿ 2024ರ ನವೆಂಬರ್‌ನಲ್ಲಿ ನಡೆದ ಭರ್ತಿ ರ‍್ಯಾಲಿಗೆ ಹಲವು ರಾಜ್ಯಗಳಿಂದ ಸಾವಿರಾರು ಯುವಕರು ಬಂದು ಸೇರಿದ್ದರು. ಉದ್ಯೋಗದಲ್ಲಿರುವವರಿಗಾಗಿ ಮಾಡಿದ ಪಡೆಗೆ ಉದ್ಯೋಗವಿಲ್ಲದವರು ಇಷ್ಟು ಸಂಖ್ಯೆಯಲ್ಲಿ ಬಂದದ್ದನ್ನು ನೋಡಿದರೆ, ಜನ ಇದನ್ನು ಏನೆಂದು ಭಾವಿಸಿದ್ದಾರೆ ಎಂಬುದು ಸ್ಪಷ್ಟವಾಗುತ್ತದೆ.

ಈಗ ಎಣಿಕೆಯ ಮುಖ್ಯ ಭಾಗ. ಪ್ರಾದೇಶಿಕ ಸೇನೆಯ ನಗರ ದಳಗಳಿಗೆ ವರ್ಷಕ್ಕೆ ಸುಮಾರು 30 ದಿನ, ಗ್ರಾಮಾಂತರ ಪ್ರದೇಶದ ದಳಗಳಿಗೆ ಎರಡು ತಿಂಗಳು ತರಬೇತಿ. ತರಬೇತಿಯಲ್ಲಿರುವಾಗ ಮತ್ತು ಸೇವೆಗೆ ಕರೆಸಿಕೊಂಡಾಗ ಖಾಯಂ ಸೈನಿಕರಷ್ಟೇ ಸಂಬಳ, ಭತ್ಯೆ. ಉಳಿದ ದಿನಗಳಲ್ಲಿ ಏನೂ ಇಲ್ಲ. ಹೀಗೆ ದಳವನ್ನು ಪೂರ್ಣಾವಧಿ ಸೇವೆಗೆ ಕರೆಸಿಕೊಳ್ಳುವುದನ್ನು ಎಂಬಾಡಿಮೆಂಟ್ ಎನ್ನುತ್ತಾರೆ. ಪಿಂಚಣಿಗೆ ಬೇಕಾಗುವುದು ಈ ಎಂಬಾಡಿಮೆಂಟ್ ಸೇವೆ: ಸಿಪಾಯಿ ಮತ್ತು ಜೆಸಿಒಗಳಿಗೆ ಒಟ್ಟು ಹದಿನೈದು ವರ್ಷ, ಅಧಿಕಾರಿಗಳಿಗೆ ಇಪ್ಪತ್ತು ವರ್ಷ.

ರಾಮಾಪುರದ ರೈತನೊಬ್ಬ ಮೂವತ್ತೈದಕ್ಕೆ ಸೇರಿ ಇಪ್ಪತ್ತು ವರ್ಷ ಪಟ್ಟಿಯಲ್ಲಿದ್ದ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಎರಡು ತಿಂಗಳಂತೆ ಹೋಗಿಬಂದ ದಿನಗಳನ್ನೆಲ್ಲ ಕೂಡಿಸಿದರೂ ನಲವತ್ತು ತಿಂಗಳು, ಅಂದರೆ ಮೂರು ವರ್ಷ ನಾಲ್ಕು ತಿಂಗಳಾಗುತ್ತದೆ. ಹದಿನೈದು ಎಲ್ಲಿ, ಇದೆಲ್ಲಿ? ದಳವನ್ನು ಕಾಶ್ಮೀರಕ್ಕೋ ಈಶಾನ್ಯ ರಾಜ್ಯಗಳಿಗೋ ವರ್ಷಗಟ್ಟಲೆ ಕರೆಸಿಕೊಂಡರೆ ಮಾತ್ರ ಈ ಅಂತರ ತುಂಬುತ್ತದೆ. ಹಾಗೆ ಸತತವಾಗಿ ಕರೆಸಿಕೊಂಡು ಪಿಂಚಣಿ ಪಡೆದವರು ಖಂಡಿತ ಇದ್ದಾರೆ. ಆದರೆ ಕರೆಯುವುದು, ಬಿಡುವುದು ಎರಡೂ ಸರ್ಕಾರದ ಅಗತ್ಯವನ್ನು ಅವಲಂಬಿಸಿದ್ದು, ಸೇರಿದವನ ಇಚ್ಛೆಯನ್ನಲ್ಲ. ಇತ್ತೀಚಿನ ನಿದರ್ಶನವೆಂದರೆ, 2025ರ ಮೇ ತಿಂಗಳಲ್ಲಿ ಪಾಕಿಸ್ತಾನದೊಂದಿಗೆ ಸಂಘರ್ಷ ನಡೆದಾಗ ಕೇಂದ್ರ ಸರ್ಕಾರ ಹೊರಡಿಸಿದ ಆದೇಶ. ಪ್ರಾದೇಶಿಕ ಸೇನಾ ನಿಯಮಗಳ 33ನೇ ನಿಯಮದಡಿ ಭೂಸೇನಾ ಮುಖ್ಯಸ್ಥರಿಗೆ ಅಧಿಕಾರ ನೀಡಿ, ಒಟ್ಟು 32 ಪದಾತಿ ಬೆಟಾಲಿಯನ್‌ಗಳಲ್ಲಿ 14ನ್ನು ನಿಯೋಜಿಸಲು ಅನುಮತಿ ಕೊಡಲಾಯಿತು. ಆ ಆದೇಶದ ಅವಧಿ 2028ರ ಫೆಬ್ರುವರಿ 9ರವರೆಗೆ.

ಖಾಸಗಿ ನೌಕರಿಯಲ್ಲಿರುವವರ ಇನ್ನೊಂದು ಆತಂಕ, ಕರೆ ಬಂದಾಗ ಹೋದರೆ ಇದ್ದ ಕೆಲಸ ಹೋದೀತೇ ಎಂಬುದು. 1948ರ ಕಾಯ್ದೆಯ 7ಎ ಕಲಂ ಇದಕ್ಕೆ ಉತ್ತರಿಸಿದೆ: ಸೇವೆ ಮುಗಿಸಿ ಬಂದವರನ್ನು ಮಾಲೀಕರು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು. ದೊಡ್ಡ ಕಾರ್ಖಾನೆ, ಸರ್ಕಾರಿ ಉದ್ಯಮಗಳ ನೌಕರರಿಗೆ ಈ ಕಲಂ ಆಸರೆಯಾದೀತು. ದಿನಗೂಲಿಗೆ ಕಲ್ಲು ಕ್ವಾರಿಗೆ ಹೋಗುವವನಿಗೆ ಇದರಿಂದ ಎಷ್ಟು ಪ್ರಯೋಜನ ಎಂಬುದು ಓದುಗರ ಊಹೆಗೆ ಬಿಟ್ಟದ್ದು.

ಗಿಡ ನೆಡುವ ಬೆಟಾಲಿಯನ್

ಪ್ರಾದೇಶಿಕ ಸೇನೆಯ ಒಂದು ಶಾಖೆ ಮಾತ್ರ ಮಾಜಿ ಸೈನಿಕರನ್ನೇ ಕಣ್ಣಮುಂದಿಟ್ಟುಕೊಂಡು ಹುಟ್ಟಿದ್ದು. ಮಸ್ಸೂರಿ ಬೆಟ್ಟಗಳನ್ನು ಸುಣ್ಣಕಲ್ಲಿನ ಗಣಿಗಳು ಬೋಳು ಮಾಡಿದ್ದಾಗ, 1982ರ ಡಿಸೆಂಬರ್‌ನಲ್ಲಿ ಡೆಹ್ರಾಡೂನ್‌ನಲ್ಲಿ 127ನೇ ಪರಿಸರ ಬೆಟಾಲಿಯನ್ ಸ್ಥಾಪನೆಯಾಯಿತು. ಆ ಭಾಗದ ನಿವೃತ್ತ ಯೋಧರನ್ನು ಸೇರಿಸಿಕೊಂಡು ಬೆಟ್ಟಕ್ಕೆ ಮತ್ತೆ ಹಸಿರು ಹೊದಿಸುವುದು ಅದರ ಕೆಲಸ. ಮುಂದೆ ರಾಜಸ್ಥಾನ, ಜಮ್ಮು, ಪಿಥೋರಾಗಢಗಳಲ್ಲೂ, 2017ರಲ್ಲಿ ಮಹಾರಾಷ್ಟ್ರದ ಔರಂಗಾಬಾದ್‌ನಲ್ಲೂ ಇಂತಹ ಪಡೆಗಳು ಬಂದವು. ಈ ಪಡೆಗಳಲ್ಲಿ ಕೆಲಸ ವರ್ಷಪೂರ್ತಿ ಇರುತ್ತದೆ ಎಂಬುದು ಗಮನಾರ್ಹ. ಖರ್ಚನ್ನು ಕೇಂದ್ರ ಪರಿಸರ ಸಚಿವಾಲಯ ಅಥವಾ ಆಯಾ ರಾಜ್ಯ ಸರ್ಕಾರ ಭರಿಸಬೇಕು. ರಾಜ್ಯ ಕೇಳಬೇಕು, ಹಣವನ್ನೂ ತೆಗೆದಿಡಬೇಕು. ಆಗಷ್ಟೇ ಬೆಟಾಲಿಯನ್ ಬರುತ್ತದೆ.

ರಾಮಾಪುರದ ಸುತ್ತ ಮಲೆ ಮಹದೇಶ್ವರ ಮತ್ತು ಕಾವೇರಿ ವನ್ಯಧಾಮಗಳು ಹಬ್ಬಿವೆ. 1992ರಲ್ಲಿ ಇಲ್ಲಿನ ಪೊಲೀಸ್ ಠಾಣೆಯ ಮೇಲೆ ವೀರಪ್ಪನ್ ತಂಡ ದಾಳಿ ನಡೆಸಿ ಐವರು ಪೊಲೀಸರನ್ನು ಕೊಂದಿತ್ತು. ಆನಂತರದ ವರ್ಷಗಳಲ್ಲಿ ಇಲ್ಲಿನ ಜನ ಖಾಕಿ ಮತ್ತು ಹಸಿರು ಸಮವಸ್ತ್ರಗಳನ್ನು ಬೇಕಾದಷ್ಟು ನೋಡಿದ್ದಾರೆ. ಕಾಡನ್ನು ಬಲ್ಲ, ಶಿಸ್ತನ್ನು ಕಲಿತ, ಪಿಂಚಣಿಯ ಜೊತೆಗೆ ಇನ್ನಷ್ಟು ದುಡಿಮೆ ಬಯಸುವ ಮಾಜಿ ಯೋಧರಿಗೆ ಒಪ್ಪುವ ಸಮವಸ್ತ್ರ ಇದ್ದರೆ ಅದು ಈ ಬಗೆಯದೇ ಇದ್ದೀತು.

ನಾಲ್ಕು ವರ್ಷದ ಯೋಧರು

ಈ ಎಲ್ಲ ಲೆಕ್ಕಗಳೂ ಹದಿನೈದು ವರ್ಷದ ಮೊದಲ ಸೇವೆಯನ್ನು ಆಧಾರವಾಗಿಟ್ಟುಕೊಂಡವು. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆ ಆ ಆಧಾರವನ್ನೇ ಬದಲಿಸಿದೆ. ಅಗ್ನಿವೀರರ ಸೇವೆ ನಾಲ್ಕು ವರ್ಷ. ಶೇ 25ರಷ್ಟು ಮಂದಿಯನ್ನು ಮಾತ್ರ ಖಾಯಂ ಸೇವೆಗೆ ಉಳಿಸಿಕೊಳ್ಳುವುದು ಯೋಜನೆಯ ನಿಯಮ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಸಿಗುತ್ತದೆ, ಪಿಂಚಣಿ ಇಲ್ಲ. ಮಾಜಿ ಸೈನಿಕ ಎಂಬ ಸ್ಥಾನಮಾನವೂ ಇಲ್ಲದ ಕಾರಣ, ಸರ್ಕಾರಿ ನೇಮಕಾತಿಯಲ್ಲಿ ಮಾಜಿ ಸೈನಿಕರಿಗಿರುವ ಮೀಸಲಾತಿ ಅವರಿಗೆ ತಾನಾಗಿ ಅನ್ವಯವಾಗದು. ಕೇಂದ್ರ ಪೊಲೀಸ್ ಪಡೆಗಳಲ್ಲಿ ಅವರಿಗಾಗಿಯೇ ಬೇರೆ ಮೀಸಲು ಘೋಷಿಸಲಾಗಿದೆ.

ಹಿಂದಿನ ಮೀಸಲು ಪದ್ಧತಿಯಲ್ಲಿ ಏಳು ವರ್ಷಕ್ಕೆ ಊರಿಗೆ ಬಂದವನ ಹೆಸರು ಇನ್ನೂ ಎಂಟು ವರ್ಷ ಪಟ್ಟಿಯಲ್ಲಿರುತ್ತಿತ್ತು, ಆ ಎಂಟು ವರ್ಷವೂ ಪಿಂಚಣಿಗೆ ಸೇರುತ್ತಿತ್ತು. ಅಗ್ನಿವೀರನಿಗೆ ಅಂತಹ ಮೀಸಲು ಅವಧಿಯಿಲ್ಲ. 2022–23ರಲ್ಲಿ ಸೇರಿದ ಮೊದಲ ತಂಡದವರ ನಾಲ್ಕು ವರ್ಷ 2026ರ ಕೊನೆ ಮತ್ತು 2027ರ ಆರಂಭದ ಹೊತ್ತಿಗೆ ಮುಗಿಯುತ್ತದೆ. ಊರಿಗೆ ಮರಳುವಾಗ ಅವರಲ್ಲಿ ಬಹುತೇಕರ ವಯಸ್ಸು ಇಪ್ಪತ್ತೆರಡರಿಂದ ಇಪ್ಪತ್ತೇಳು. ಪ್ರಾದೇಶಿಕ ಸೇನೆಯ 42ರ ಗಡಿಗೆ ಇನ್ನೂ ಹದಿನೈದು, ಇಪ್ಪತ್ತು ವರ್ಷ ಬಾಕಿ ಇರುತ್ತದೆ.